ಉಬ್ಬಿ ಕುಗ್ಗುವ ನೆಲದಲ್ಲಿ ಪಾಯ ಹಾಕಿಸಿದ್ದು

ನಾವು ಮನೆ ಕಟ್ಟಿಸಿದ ಜಾಗದ ಮಣ್ಣು ಅಪ್ಪಟ ಎರೆ. ಬೇಸಿಗೆಯಲ್ಲಿ ನೆಲ ಬಾಯಿ ಬಿಟ್ಟರೆ ಬಿರುಕಿನೊಳಗೆ ಅಂಗೈ ಇಳಿಯುತ್ತದೆ. ಮಳೆ ಹಿಡಿದು ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಆ ಬಿರುಕು ಎಲ್ಲಿತ್ತೆಂದು ಹುಡುಕಿದರೂ ಸಿಗುವುದಿಲ್ಲ. ಮೇಲಿಂದ ಸೆಕೆ, ಗಾಳಿಯಲ್ಲಿ ಸದಾ ನೀರಿನ ಪಸೆ. ಇಂಥ ಕಡೆ ಕಾಂಕ್ರೀಟ್ ಕೆಲಸಕ್ಕೆ ಕೈ ಹಾಕಿದವರಿಗೆ ಎಲ್ಲರೂ ಕೊಡುವ ಸಲಹೆ, "ಸಿಮೆಂಟ್ ಜಾಸ್ತಿ ಹಾಕಿಸಿ, ಕಂಬಿ ದಪ್ಪದ್ದು ಹಾಕಿಸಿ" ಎಂಬುದು. ಪಾಯದಿಂದ ಚಾವಣಿಯವರೆಗೆ ಎದುರಿಗೆ ನಿಂತು ಮಾಡಿಸಿದ ಮೇಲೆ ನಾನು ಹೇಳುವುದು ಬೇರೆ. ಇಲ್ಲಿ ಮೊದಲು ಲೆಕ್ಕ ಇಡಬೇಕಾದದ್ದು ನೀರಿನದು. ಮಣ್ಣಿನೊಳಗಿನ ನೀರು, ಮಿಕ್ಸರಿಗೆ ಬೀಳುವ ನೀರು, ಹಾಕಿದ ಕಾಂಕ್ರೀಟಿನಿಂದ ಆರಿಹೋಗುವ ನೀರು. ಸಿಮೆಂಟು, ಕಂಬಿ ಆಮೇಲೆ.

ಕೆಲಸ ಶುರುವಾಗುವ ಮುನ್ನ ಸುತ್ತಲಿನ ಹಳೆಯ ಮನೆಗಳ ಗೋಡೆ ನೋಡುತ್ತ ತಿರುಗಾಡಿದೆ. ಹೆಚ್ಚಿನ ಕಡೆ ಬಿರುಕು ಕಿಟಕಿಯ ಮೂಲೆಯಿಂದ ಹೊರಟು ಓರೆಯಾಗಿ ಸೂರಿನ ಕಡೆಗೆ ಏರಿತ್ತು. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಬೇಸಿಗೆಯಲ್ಲಿ ಮತ್ತೆ ಸಡಿಲವಾಗುತ್ತದೆ ಎಂದು ಮನೆಯವರು ಹೇಳುತ್ತಿದ್ದರು. ಬಿರುಕು ಬಿಟ್ಟ ಮೂಲೆಯ ಹೊರಗೆ ಹೋಗಿ ನೋಡಿದರೆ ಅಲ್ಲೊಂದು ಬಚ್ಚಲ ನೀರಿನ ಕೊಳವೆ, ಸೂರಿನ ನೀರು ಬೀಳುವ ಜಾಗ ಅಥವಾ ಗೋಡೆಗೆ ಒತ್ತಿಕೊಂಡು ಬೆಳೆದ ದೊಡ್ಡ ಮರ. ಇಡೀ ಮನೆಯ ಕೆಳಗಿನ ಮಣ್ಣು ಒಂದೇ ಸಮ ಉಬ್ಬಿದರೆ ಮನೆಗೇನೂ ಆಗುವುದಿಲ್ಲ. ಒಂದು ಮೂಲೆ ನೆನೆದು ಎದ್ದಾಗ, ಇನ್ನೊಂದು ಮೂಲೆ ಒಣಗಿ ಕುಸಿದಾಗ ಗೋಡೆ ಸೀಳುತ್ತದೆ. ಹಗುರವಾದ ಒಂದಂತಸ್ತಿನ ಮನೆಗಳಿಗೇ ಈ ಕಾಟ ಹೆಚ್ಚು, ಏಕೆಂದರೆ ಉಬ್ಬುವ ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಅವಕ್ಕಿಲ್ಲ.

ಮಣ್ಣಿನ ಪರೀಕ್ಷೆಗೆ ಎರಡು ಕಡೆ ಕೊರೆಸಿ, ಬೇರೆ ಬೇರೆ ಆಳದ ಮಾದರಿ ಕಳಿಸಿದೆವು. ಅದರಲ್ಲಿ ಒಂದು ಪರೀಕ್ಷೆಯನ್ನು ಯಾರು ಬೇಕಾದರೂ ಕಣ್ಣಾರೆ ನೋಡಿ ಅರ್ಥ ಮಾಡಿಕೊಳ್ಳಬಹುದು. ಒಣಗಿಸಿ ಸಣ್ಣಗೆ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ಅಳತೆ ಗೆರೆಯಿರುವ ಒಂದು ಗಾಜಿನ ಜಾಡಿಯ ನೀರಿಗೆ, ಇನ್ನೊಂದು 10 ಗ್ರಾಂ ಮಣ್ಣನ್ನು ಸೀಮೆಎಣ್ಣೆಗೆ ಹಾಕಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಎರೆಮಣ್ಣು ಉಬ್ಬುವುದಿಲ್ಲ. ನಮ್ಮ ಮಣ್ಣು ಸೀಮೆಎಣ್ಣೆಯಲ್ಲಿ 11 ಮಿಲಿಲೀಟರ್ ಗೆರೆಗೆ ನಿಂತಿತ್ತು, ನೀರಿನಲ್ಲಿ 24ಕ್ಕೆ ಏರಿತ್ತು. ಅಂದರೆ ಶೇ 118ರಷ್ಟು ಉಬ್ಬು. ಶೇ 50ರ ಒಳಗಿದ್ದರೆ ಚಿಂತೆ ಕಡಿಮೆ. 100 ದಾಟಿದರೆ ಅದು ಜೋರಾಗಿ ಉಬ್ಬುವ ಮಣ್ಣು. ಇದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಖನಿಜ. ಅದರ ಹಾಳೆಯಂಥ ಪದರಗಳ ನಡುವೆಯೇ ನೀರು ನುಗ್ಗಿ ಅವುಗಳನ್ನು ದೂರ ತಳ್ಳುತ್ತದೆ. ಮಣ್ಣು ಎಷ್ಟು ನೀರಿಗೆ ಕೆಸರಾಗುತ್ತದೆ, ಎಷ್ಟಕ್ಕೆ ಪುಡಿಪುಡಿಯಾಗುತ್ತದೆ ಎಂಬ ಮಿತಿಗಳನ್ನೂ ಅಳೆದರು. ಸ್ವೀಡನ್ನಿನ ಆಲ್ಬರ್ಟ್ ಅಟರ್‌ಬರ್ಗ್ 1911ರಲ್ಲಿ ಹಾಕಿಕೊಟ್ಟ ಈ ಮಿತಿಗಳು ಇಂದಿಗೂ ಎಲ್ಲ ಮಣ್ಣಿನ ವರದಿಗಳಲ್ಲೂ ಇರುತ್ತವೆ. ನಮ್ಮ ಮಣ್ಣಿನಲ್ಲಿ ಈ ಎರಡು ಮಿತಿಗಳ ನಡುವಿನ ಅಂತರ 39, ಅದೂ ಜೋರಾಗಿ ಉಬ್ಬುವ ಮಣ್ಣಿನದೇ ಲಕ್ಷಣ. ಜೊತೆಗೆ ಸಲ್ಫೇಟ್ ಪರೀಕ್ಷೆ ಮಾಡಿಸಿ ಎಂದು ನಾನೇ ಒತ್ತಾಯಿಸಿದೆ. ಮಣ್ಣಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಅದು ಗಟ್ಟಿಯಾದ ಸಿಮೆಂಟನ್ನೇ ಒಳಗಿಂದ ಉಬ್ಬಿಸಿ ಒಡೆಯುತ್ತದೆ, ಆಗ ಸಿಮೆಂಟಿನ ಆಯ್ಕೆಯೇ ಬದಲಾಗಬೇಕು. ನಮ್ಮದರಲ್ಲಿ ಅಷ್ಟಿರಲಿಲ್ಲ.

ವರದಿ ಬಂದ ಮೇಲೆ ಇಂಜಿನಿಯರ್ ಎರಡು ದಾರಿ ಮುಂದಿಟ್ಟರು. ಒಂದು, ಅಡ್ಡಡ್ಡ ತೊಲೆಗಳಿರುವ ಬಿಗಿಯಾದ ರಾಫ್ಟ್, ಅಂದರೆ ಇಡೀ ಮನೆಯ ಅಡಿಗೆ ಒಂದೇ ಕಾಂಕ್ರೀಟ್ ಹಾಸು. ಮಣ್ಣು ಏರಿಳಿದರೂ ಇಡೀ ಮನೆ ಒಂದೇ ತುಂಡಾಗಿ ತೇಲಬೇಕೆಂಬುದು ಅದರ ಉದ್ದೇಶ. ಇನ್ನೊಂದು, ಏರಿಳಿಯುವ ಪದರವನ್ನೇ ದಾಟಿ ಕೆಳಗಿಳಿಯುವ ಅಂಡರ್‌ರೀಮ್ಡ್ ಪೈಲ್. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಎರೆನೆಲಕ್ಕೆಂದೇ ರೂಢಿಗೆ ತಂದ ಪದ್ಧತಿ ಇದು. ಸಣ್ಣ ಬಾವಿಯಂತೆ ನೇರ ಕೊರೆದು, ತಳದ ಹತ್ತಿರ ಗುಂಡಿಯನ್ನು ಗಡ್ಡೆಯಾಕಾರಕ್ಕೆ ಅಗಲಿಸಿ, ಕಂಬಿಯ ಪಂಜರ ಇಳಿಸಿ ಕಾಂಕ್ರೀಟ್ ತುಂಬುತ್ತಾರೆ. ನಾವು ಎರಡನೆಯದನ್ನು ಆರಿಸಿಕೊಂಡೆವು. ಎರೆಮಣ್ಣಿನಲ್ಲಿ ಋತುಮಾನಕ್ಕೆ ತಕ್ಕಂತೆ ನೀರು ಏರಿಳಿಯುವ ಆಳ ಸಾಮಾನ್ಯವಾಗಿ 3.5 ಮೀಟರ್ ಎಂದು ಹಿಡಿಯುತ್ತಾರೆ. ಗಡ್ಡೆ ಅದರ ಕೆಳಗೆ ಕೂರಬೇಕು. ನಮ್ಮ ಪೈಲಿನ ಕಾಂಡ 300 ಮಿಲಿಮೀಟರ್, ಗಡ್ಡೆ ಅದರ ಎರಡೂವರೆ ಪಟ್ಟು, ಅಂದರೆ 750.

ಕಂಬಿಯನ್ನು ಪೈಲಿನ ಪೂರ್ತಿ ಉದ್ದಕ್ಕೂ ಹಾಕಿಸಿದ್ದೇಕೆ ಎಂದು ಹಲವರು ಕೇಳಿದರು. ಮೇಲಿನ ಭಾರವನ್ನು ಕಾಂಕ್ರೀಟೇ ಹೊರುತ್ತದಲ್ಲ ಎಂಬುದು ಅವರ ಪ್ರಶ್ನೆ. ಮಳೆಗಾಲದಲ್ಲಿ ಮೇಲಿನ ಮಣ್ಣು ಉಬ್ಬುವಾಗ ಪೈಲಿನ ಕಾಂಡವನ್ನು ಹಿಡಿದು ಮೇಲಕ್ಕೆ ಎಳೆಯುತ್ತದೆ, ಕೆಳಗಿನ ಗಡ್ಡೆ ಬಿಡುವುದಿಲ್ಲ. ನಡುವಿನ ಕಾಂಡ ಸೆಳೆತಕ್ಕೆ ಸಿಗುತ್ತದೆ. ಸೆಳೆತ ತಡೆಯುವುದು ಕಂಬಿಯ ಕೆಲಸ, ಬರಿಯ ಕಾಂಕ್ರೀಟಿನ ಕೈಯಲ್ಲಿ ಆಗುವುದಲ್ಲ.

ಕೊರೆದ ದಿನವೇ ತುಂಬಬೇಕು ಎಂಬ ಒಂದು ವಿಷಯದಲ್ಲಿ ನಾನು ಯಾರಿಗೂ ಬಗ್ಗಲಿಲ್ಲ. ಕೊರೆದ ಗುಂಡಿಯನ್ನು ರಾತ್ರಿಯೆಲ್ಲ ತೆರೆದಿಟ್ಟರೆ ತೇವದ ಗಾಳಿಗೆ, ಜಿನುಗುವ ನೀರಿಗೆ ಒಳಗೋಡೆ ಮೆತ್ತಗಾಗಿ ಮಣ್ಣು ತಳಕ್ಕೆ ಉದುರುತ್ತದೆ. ಆ ಸಡಿಲ ಮಣ್ಣಿನ ಮೇಲೆ ಕೂತ ಪೈಲ್ ಭಾರ ಬಿದ್ದಾಗ ಇಳಿದೇ ಇಳಿಯುತ್ತದೆ. ಪ್ರತಿ ಗುಂಡಿಗೂ ತೂಕದ ದಾರ ಇಳಿಬಿಟ್ಟು ಆಳ ನೋಡಿ, ತಳದ ಪುಡಿ ತೆಗೆಸಿ, ಪಂಜರ ಇಳಿಸಿ, ಆಲಿಕೆ ಕೊಳವೆಯಿಂದ ಕಾಂಕ್ರೀಟ್ ಬಿಟ್ಟೆವು. ಮೇಲಿಂದ ನೇರ ಸುರಿದರೆ ಜಲ್ಲಿ ಕಂಬಿಗೆ ಬಡಿದು ಗಾರೆಯಿಂದ ಬೇರೆಯಾಗುತ್ತದೆ.

ಪೈಲ್‌ಗಳ ತಲೆಯನ್ನು ಬಿಗಿಯುವುದು ಪ್ಲಿಂತ್ ಬೀಮ್, ಅಂದರೆ ಗೋಡೆಗಳ ಬುಡದಲ್ಲಿ ಹಾಯುವ ಕಾಂಕ್ರೀಟ್ ತೊಲೆ. ಇಡೀ ಕೆಲಸದಲ್ಲಿ ಅತಿ ಸುಲಭವಾಗಿ ಕೆಡುವ ಜಾಗವೂ ಅದೇ. ಬೀಮ್ ಮಣ್ಣಿಗೆ ತಾಗಕೂಡದು. ಕೆಳಗೆ ಖಾಲಿ ಜಾಗ ಬೇಕು. ನಾವು ಬಿಟ್ಟದ್ದು 80 ಮಿಲಿಮೀಟರ್. ಮಣ್ಣು ಉಬ್ಬಿದಾಗ ಆ ಜಾಗಕ್ಕೆ ಏರಲಿ, ಬೀಮನ್ನು ಒತ್ತದಿರಲಿ ಎಂದು. ಕಾಗದದಲ್ಲಿ ಇದು ಒಂದು ಗೆರೆ. ಕೆಲಸದ ಜಾಗದಲ್ಲಿ ಬೀಮಿನ ಕೆಳಗೆ ಮರಳು ಹರಡಿ, ಅದರ ಮೇಲೆ ಹಲಗೆ ಇಟ್ಟು ಕಾಂಕ್ರೀಟ್ ಹಾಕಿ, ಗಟ್ಟಿಯಾದ ಮೇಲೆ ಆ ಮರಳನ್ನೆಲ್ಲ ಕೆದಕಿ ತೆಗೆಯಬೇಕು. ಮೇಸ್ತ್ರಿಗೆ ಇದು ಒಪ್ಪಿಗೆಯಾಗಲಿಲ್ಲ.

"ಅಕ್ಕಾ, ಬೀಮಿನ ಕೆಳಗೆ ಟೊಳ್ಳು ಬಿಟ್ಟರೆ ನೋಡಿದವರು ಏನಂತಾರೆ? ಮಣ್ಣು ತುಂಬಿ ದಮ್ಮಸ್ಸು ಹೊಡೆದ್ರೆ ಗಟ್ಟಿ ಅಲ್ವಾ?"

"ಗಟ್ಟಿ ಮಾಡಿದಷ್ಟೂ ಅದು ಬೀಮನ್ನ ಜೋರಾಗಿ ಎತ್ತುತ್ತೆ ಮೇಸ್ತ್ರಿಗಳೇ. ಭಾರ ಹೊರೋದು ಪೈಲು, ಮಣ್ಣಲ್ಲ."

ಅವರು ಸುಮ್ಮನಾದರು. ಮರುದಿನ ತಾವೇ ಉದ್ದನೆಯ ಕಬ್ಬಿಣದ ಕೊಕ್ಕೆ ಮಾಡಿಸಿಕೊಂಡು ಬಂದು ಮರಳೆಳೆಯಲು ನಿಂತರು. ಮರಳು ತೆಗೆದ ಮೇಲೆ ಬದಿಯ ಮಣ್ಣು ಮತ್ತೆ ಆ ಸಂದಿಗೆ ಜಾರದಂತೆ ತೆಳುವಾದ ಕಾಂಕ್ರೀಟ್ ಹಲಗೆಗಳನ್ನು ಬೀಮಿನ ಎರಡೂ ಬದಿಗೆ ನಿಲ್ಲಿಸಿದೆವು. ಇದನ್ನು ಮರೆತರೆ ಮಣ್ಣು ತುಂಬಿಸುವ ದಿನವೇ ಸಂದಿ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ನೆಲಹಾಸಿನ ಸ್ಲ್ಯಾಬಿನ ಕೆಳಗೆ ಏನು ತುಂಬಬೇಕು ಎಂಬುದಕ್ಕೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಮರಳು. ಎರೆನೆಲದಲ್ಲಿ ಅದು ಅಪಾಯದ ಉತ್ತರ. ಸುತ್ತಲೂ ನೀರು ಇಂಗದ ಎರೆ, ನಡುವೆ ನೀರು ಹಿಡಿದಿಡುವ ಮರಳು. ಎಲ್ಲಿಂದಲೋ ಒಳಬಂದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ತೊಟ್ಟಿಯಂತೆ ಅಲ್ಲೇ ನಿಂತು ಕೆಳಗಿನ ಮಣ್ಣನ್ನು ನೆನೆಸುತ್ತಲೇ ಇರುತ್ತದೆ. ಇಲ್ಲಿಗೆ ಬೇಕಾದದ್ದು ಅಂಟಿಕೊಳ್ಳುವ, ಆದರೆ ಉಬ್ಬದ ಮಣ್ಣು. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರು ಕಾಲುವೆ, ರಸ್ತೆಗಳಿಗಾಗಿ ಅಭ್ಯಾಸ ಮಾಡಿ ತೋರಿಸಿದ್ದು ಇದನ್ನೇ: ಉಬ್ಬದ ಅಂಟುಮಣ್ಣಿನ ದಪ್ಪ ಪದರ ಮೇಲಿದ್ದರೆ ಕೆಳಗಿನ ಎರೆಯ ಉಬ್ಬು ಹತೋಟಿಗೆ ಬರುತ್ತದೆ. ನಾವು ಮೇಲಿನ ಎರೆ ತೆಗೆಸಿ, ಅಂಟಿರುವ ಕೆಂಪು ಗರಸು ತರಿಸಿ, 150 ಮಿಲಿಮೀಟರಿನ ಪದರಗಳಾಗಿ ಹರಡಿ ಒಂದೊಂದಕ್ಕೂ ದಮ್ಮಸ್ಸು ಹಾಕಿಸಿದೆವು. ಕೈಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಬೆರಳಿಗೆ ಕೆಸರು ಹತ್ತಬಾರದು. ಆ ಹದದಲ್ಲಿ ಮಾತ್ರ ಮಣ್ಣು ಚೆನ್ನಾಗಿ ಕೂರುತ್ತದೆ. ಅದರ ಮೇಲೆ 250 ಮೈಕ್ರಾನಿನ ಪಾಲಿಥೀನ್ ಹಾಳೆಯನ್ನು ಒಂದರ ಮೇಲೊಂದು ಹೊದೆಸಿ, ಅಂಚು ಅಂಟಿಸಿದೆವು. ಸ್ಲ್ಯಾಬನ್ನು ಬೀಮಿಗೆ ಕಟ್ಟಲಿಲ್ಲ. ಗೋಡೆಯ ಸುತ್ತ ಮೆತ್ತನೆಯ ಪಟ್ಟಿ ಇಟ್ಟು ಬಿಡಿಯಾಗಿ ಬಿಟ್ಟೆವು. ನೆಲ ಅಲ್ಪಸ್ವಲ್ಪ ಅಲುಗಿದರೂ ಗೋಡೆಯನ್ನು ಎಳೆಯಬಾರದು.

ಇನ್ನು ಕಾಂಕ್ರೀಟ್.

ನೀರು ಮತ್ತು ಸಿಮೆಂಟಿನ ಅನುಪಾತವೇ ಬಲವನ್ನು ನಿರ್ಧರಿಸುತ್ತದೆ ಎಂದು ಅಮೆರಿಕದ ಡಫ್ ಅಬ್ರಾಮ್ಸ್ 1918ರಲ್ಲೇ ಪ್ರಕಟಿಸಿದರು. ನೂರು ವರ್ಷ ಕಳೆದರೂ ಮಿಕ್ಸರಿನ ಪಕ್ಕದಲ್ಲಿ ನಿಂತಾಗ ಆ ಮಾತಿಗಾಗಿ ಜಗಳವಾಡಬೇಕು. ನಮ್ಮ ಅನುಪಾತ 0.45, ಅಂದರೆ 50 ಕೆಜಿ ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರ್. ಸಿಮೆಂಟಿಗೆ ರಾಸಾಯನಿಕವಾಗಿ ಬೇಕಿರುವುದು ಇದರ ಅರ್ಧದಷ್ಟು. ಉಳಿದದ್ದು ಕೆಲಸದ ಅನುಕೂಲಕ್ಕೆ, ಅದು ಆರಿಹೋದ ಜಾಗದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ಚೀಲಕ್ಕೆ ಇನ್ನು 5 ಲೀಟರ್ ಸುರಿದರೆ ಬಲದಲ್ಲಿ ಸುಮಾರು ಐದನೇ ಒಂದು ಪಾಲು ಹೋಯಿತು. ಬಲಕ್ಕಿಂತ ನನಗೆ ಚಿಂತೆ ಆ ರಂಧ್ರಗಳದ್ದು. ತೇವದ ಗಾಳಿ, ತೇವದ ಮಣ್ಣು ಎರಡೂ ಅವುಗಳ ಮೂಲಕವೇ ಕಂಬಿಯನ್ನು ಮುಟ್ಟುವುದು.

ತೇವದ ಸೀಮೆಯಲ್ಲಿ ಇನ್ನೊಂದು ಅಡಗಿದ ನೀರಿದೆ. ಮರಳು ಎಂದೂ ಒಣಗಿರುವುದಿಲ್ಲ. ಶೇ 5ರಷ್ಟು ಪಸೆಯಿದ್ದರೆ 100 ಕೆಜಿ ಮರಳಿನ ಜೊತೆ ಸುಮಾರು 5 ಲೀಟರ್ ನೀರು ಹೇಳದೆ ಕೇಳದೆ ಮಿಕ್ಸರಿಗೆ ಬಿದ್ದಿರುತ್ತದೆ. ಅಷ್ಟನ್ನು ಅಳತೆಯ ನೀರಿನಲ್ಲಿ ಕಳೆಯಬೇಕು. ಹಸಿ ಮರಳು ಉಬ್ಬಿಕೊಂಡಿರುವುದರಿಂದ ಪೆಟ್ಟಿಗೆಯಲ್ಲಿ ಅಳೆದರೆ ಮರಳು ಕಡಿಮೆ ಬೀಳುತ್ತದೆ. ಅದಕ್ಕೇ ತೂಕದ ಲೆಕ್ಕ ಹಿಡಿದೆವು. ಮರಳಿನ ರಾಶಿಗೆ ರಾತ್ರಿ ಹೊದಿಕೆ ಹಾಕಿಸಿದ್ದರಿಂದ ಬೆಳಗ್ಗೆಯ ಮೊದಲ ಮಾಲಿಗೂ ಮಧ್ಯಾಹ್ನದ ಮಾಲಿಗೂ ಹೆಚ್ಚು ವ್ಯತ್ಯಾಸ ಬರಲಿಲ್ಲ.

ಆದರೂ ಚಾವಣಿಯ ದಿನ ಬಿಸಿಲೇರುತ್ತಿದ್ದಂತೆ ಅದೇ ಮಾತು ಬಂತು: "ಅಕ್ಕಾ, ಮಾಲು ಬಾಂಡ್ಲಿಯಿಂದ ಇಳೀತಿಲ್ಲ. ಒಂದೇ ಒಂದು ಬಕೆಟ್ ನೀರು ಬಿಡ್ತೀನಿ." ನೀರಿಗೆ ಬದಲು ಹದ ಸಡಿಲಿಸುವ ಕೆಮಿಕಲ್ ಅಳತೆ ಮಾಡಿ ಹಾಕಿಸಿದೆವು. ಅದು ಸಿಮೆಂಟಿನ ಕಣಗಳು ಗಂಟಾಗದಂತೆ ಬಿಡಿಸುತ್ತದೆ, ಅಷ್ಟೇ ನೀರಿನಲ್ಲಿ ಮಾಲು ಹರಿಯುತ್ತದೆ. ಪ್ರತಿ ಸಲ ಶಂಕುವಿನ ಅಚ್ಚಿನಲ್ಲಿ ತುಂಬಿ ಎತ್ತಿ, ಎಷ್ಟು ಕುಸಿಯಿತೆಂದು ಅಳೆದೆವು. ಚಾವಣಿಗೆ 75ರಿಂದ 100 ಮಿಲಿಮೀಟರ್ ಸಾಕು. ಈ ಅಳತೆ ಎಲ್ಲರೆದುರು ನಡೆದದ್ದರಿಂದ ವಾದ ಮಾಡುವ ಅಗತ್ಯವೇ ಕಡಿಮೆಯಾಯಿತು. ಕಣ್ಣೆದುರು ಅಚ್ಚು ಕುಸಿದದ್ದನ್ನು ನೋಡಿದ ಮೇಲೆ ನೀರು ಬೇಕೆಂದು ಮೇಸ್ತ್ರಿಯೇ ಕೇಳಲಿಲ್ಲ.

ಗಾಳಿಯಲ್ಲಿ ಪಸೆ ಇರುವಾಗ ಕಾಂಕ್ರೀಟ್ ಬೇಗ ಆರುವುದಿಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ನಾನು ಲೆಕ್ಕ ಹಾಕಿ ನೋಡಿದೆ. ಗಾಳಿ 33 ಡಿಗ್ರಿ, ತೇವಾಂಶ ಶೇ 65, ಗಾಳಿಯ ವೇಗ ಗಂಟೆಗೆ 15 ಕಿಲೋಮೀಟರ್ ಇದ್ದು, ಕಾಂಕ್ರೀಟ್ 38 ಡಿಗ್ರಿ ಬಿಸಿಯಿದ್ದರೆ ಪ್ರತಿ ಚದರ ಮೀಟರಿನಿಂದ ಗಂಟೆಗೆ ಒಂದು ಕೆಜಿಗೂ ಹೆಚ್ಚು ನೀರು ಆರುತ್ತದೆ. ಹಸಿ ಕಾಂಕ್ರೀಟಿನ ಮೈ ಸೀಳುವುದಕ್ಕೆ ಅಷ್ಟು ಸಾಕು. ಉಳಿದೆಲ್ಲ ಹಾಗೇ ಇದ್ದು ಕಾಂಕ್ರೀಟ್ ಮಾತ್ರ 30 ಡಿಗ್ರಿಗೆ ಇಳಿದರೆ ಆ ನಷ್ಟ ಮೂರನೇ ಒಂದರಷ್ಟಕ್ಕೆ ಬರುತ್ತದೆ. ಹಾಗಾಗಿ ತಣ್ಣಗಿಡುವುದೇ ಉಪಾಯ. ಜಲ್ಲಿಗೆ ನೆರಳು ಮಾಡಿ ನೀರು ಚಿಮುಕಿಸಿದೆವು, ನೀರಿನ ಡ್ರಮ್ಮನ್ನು ಬಿಸಿಲಿಗೆ ಬಿಡಲಿಲ್ಲ, ಕಂಬಿಗೂ ಸೆಂಟ್ರಿಂಗ್ ಹಲಗೆಗೂ ಮಾಲು ಬೀಳುವ ಮುನ್ನ ನೀರೆರಚಿ, ನಿಂತ ನೀರನ್ನು ಒರೆಸಿದೆವು. ಬೆಳಕು ಹರಿಯುವ ಮುನ್ನವೇ ಮಿಕ್ಸರ್ ತಿರುಗತೊಡಗಿತ್ತು. ಗಾಳಿ ಬೀಸುವ ಕಡೆ ಟಾರ್ಪಾಲಿನ್ ಕಟ್ಟಿದ್ದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಫಲ ಕೊಟ್ಟ ಕೆಲಸ. ಸಿಮೆಂಟ್ ಕೂಡ ಹಾರುಬೂದಿ ಬೆರೆಸಿದ್ದನ್ನೇ ಆರಿಸಿದ್ದೆವು. ಅದು ಗಟ್ಟಿಯಾಗುವಾಗ ಬಿಸಿ ಕಡಿಮೆ ಹುಟ್ಟುತ್ತದೆ, ಮುಂದೆ ರಂಧ್ರಗಳೂ ಕಿರಿದಾಗುತ್ತವೆ. ಆದರೆ ಬಲ ನಿಧಾನವಾಗಿ ಬರುತ್ತದೆ, ಕ್ಯೂರಿಂಗ್, ಅಂದರೆ ಹಾಕಿದ ಕಾಂಕ್ರೀಟನ್ನು ಒದ್ದೆಯಾಗಿಡುವುದು, ಹೆಚ್ಚು ದಿನ ಬೇಕು.

ಕಂಬಿ ಮುಚ್ಚುವ ಕಾಂಕ್ರೀಟಿನ ದಪ್ಪ, ಅಂದರೆ ಕವರ್, ನೋಡಲು ಸಣ್ಣ ವಿಷಯ. ಗಾಳಿಯ ಇಂಗಾಲದ ಡೈಆಕ್ಸೈಡ್ ಕಾಂಕ್ರೀಟಿನೊಳಗೆ ಇಳಿಯುತ್ತ ಅದರ ಕ್ಷಾರಗುಣವನ್ನು ಕಳೆಯುತ್ತದೆ. ಆ ಗುಣವೇ ಕಂಬಿಗೆ ತುಕ್ಕು ಹತ್ತದಂತೆ ಕಾಯುವುದು. ತೇವಾಂಶ ಶೇ 50ರಿಂದ 70ರ ನಡುವೆ ಇದ್ದಾಗ ಈ ಇಳಿತ ಅತಿ ವೇಗ. ಆಳ ಎರಡು ಪಟ್ಟಾದರೆ ಇಳಿಯಲು ಹಿಡಿಯುವ ಕಾಲ ನಾಲ್ಕು ಪಟ್ಟು. 20 ಮಿಲಿಮೀಟರ್ ಕವರ್ ಎಂದು ಬರೆದ ಕಡೆ 10 ಉಳಿದರೆ ಆಯುಷ್ಯ ಕಾಲುಭಾಗಕ್ಕೆ ಬಂತೆಂದೇ ಲೆಕ್ಕ. ಅದಕ್ಕೆ ಜಲ್ಲಿ ಚೂರು ಇಟ್ಟು ಕಂಬಿ ಎತ್ತುವುದನ್ನು ಬಿಡಿಸಿ, ಸರಿಯಾದ ಅಳತೆಯ ಕಾಂಕ್ರೀಟ್ ಬಿಲ್ಲೆಗಳನ್ನೇ ಮಾಡಿಸಿದೆವು. ಮಣ್ಣಿಗೆ ನೇರ ತಾಗುವ ಪೈಲ್‌ಗಳಿಗೆ 75 ಮಿಲಿಮೀಟರ್.

ಮಟ್ಟ ಹೊಡೆದ ಮೇಲೆ ಮೈಮೇಲಿನ ನೀರು ಇಂಗುವವರೆಗೆ ಕಾದು, ಮತ್ತೊಮ್ಮೆ ಮರದ ಹಲಗೆಯಿಂದ ಒತ್ತಿ ಉಜ್ಜಿಸಿದೆವು. ಕಂಬಿಯ ಗೆರೆಯುದ್ದಕ್ಕೂ ಕೂದಲೆಳೆಯಂತೆ ಏಳುವ ಬಿರುಕು ಆ ಹೊತ್ತಿನಲ್ಲೇ ಮುಚ್ಚಿಹೋಗುತ್ತದೆ, ಆಮೇಲೆ ಯಾವ ಗಾರೆ ಬಳಿದರೂ ಹೋಗದು. ನೆಲದ 125 ಮಿಲಿಮೀಟರ್ ಸ್ಲ್ಯಾಬಿಗೆ ಅದೇ ರಾತ್ರಿ ಯಂತ್ರದಿಂದ ಕಾಲುಭಾಗ ದಪ್ಪದಷ್ಟು ಆಳಕ್ಕೆ ಗೆರೆ ಕೊಯ್ಸಿದೆವು, 3.5 ಮೀಟರಿಗೊಂದು. ಕುಗ್ಗುವ ಕಾಂಕ್ರೀಟ್ ಎಲ್ಲಾದರೂ ಸೀಳುತ್ತದೆ. ನಾವು ಹೇಳಿದ ಜಾಗದಲ್ಲಿ ಸೀಳಲಿ. ಬಿಸಿ ಹವೆಯಲ್ಲಿ ಬೆಳಗಾಗಲಿ ಎಂದು ಬಿಟ್ಟರೆ ಅದು ತನಗೆ ತೋಚಿದ ಕಡೆ ಸೀಳಿರುತ್ತದೆ.

ಆಮೇಲೆ ಕ್ಯೂರಿಂಗ್. ಕಾಂಕ್ರೀಟಿನೊಳಗಿನ ತೇವಾಂಶ ಶೇ 80ಕ್ಕಿಂತ ಕೆಳಗಿಳಿದರೆ ಸಿಮೆಂಟ್ ಗಟ್ಟಿಯಾಗುವ ಕ್ರಿಯೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಹೊರಗಿನ ಗಾಳಿಯಲ್ಲಿ ಶೇ 70 ಇದ್ದರೆ ನಮಗೆ ಮೈಯೆಲ್ಲ ಬೆವರು, ಕಾಂಕ್ರೀಟಿಗೆ ಅದು ಒಣ ಹವೆಯೇ. ಚಾವಣಿಯ ಮೇಲೆ ಗಾರೆಯ ಸಣ್ಣ ಬದುಗಳಿಂದ ಮಡಿ ಕಟ್ಟಿ ನೀರು ನಿಲ್ಲಿಸಿದೆವು. ಬೀಮುಗಳಿಗೆ ಗೋಣಿಚೀಲ ಸುತ್ತಿ, ಅದರ ಮೇಲೆ ಪ್ಲಾಸ್ಟಿಕ್ ಹೊದೆಸಿದೆವು. ಬೆಳಗ್ಗೆ ಸಂಜೆ ಪೈಪ್ ಹಿಡಿದು ಚಿಮುಕಿಸುವುದು ಸಾಲದು. ನಡುಹಗಲಿನಲ್ಲಿ ಒಣಗಿ ಮತ್ತೆ ಒದ್ದೆಯಾಗುವ ಮೈ ಇನ್ನಷ್ಟು ಬಿರುಕು ಬಿಡುತ್ತದೆ. 14 ದಿನ ತೇವ ಆರಬಾರದು ಎಂಬುದು ಇಂಜಿನಿಯರ್ ಹಾಕಿದ ಷರತ್ತು, ಅದನ್ನು ಹಾಗೆಯೇ ನಡೆಸಿದೆವು. ಆದರೆ ಇಲ್ಲೊಂದು ಎಚ್ಚರ ಬೇಕು: ಮೇಲೆ ಹರಿಸಿದ ಕ್ಯೂರಿಂಗ್ ನೀರು ಕೆಳಗಿಳಿದು ಪಾಯದ ಪಕ್ಕದ ಎರೆಗೆ ಇಂಗಿದರೆ ಮನೆ ಮುಗಿಯುವ ಮುನ್ನವೇ ಒಂದು ಬದಿ ಏಳುತ್ತದೆ. ಚಾವಣಿಯ ನೀರನ್ನು ಕೊಳವೆಯಲ್ಲಿ ದೂರದ ಚರಂಡಿಗೆ ಬಿಟ್ಟೆವು.

ಮನೆಯ ಸುತ್ತ ಎರಡು ಮೀಟರ್ ಅಗಲದ ಕಾಂಕ್ರೀಟ್ ಹಾಸು ಹಾಕಿಸಿದ್ದೇವೆ, ಹೊರಕ್ಕೆ ಇಳಿಜಾರು ಕೊಟ್ಟು. ಗೋಡೆಗೂ ಅದಕ್ಕೂ ನಡುವೆ ಸಂದಿ ಬಿಟ್ಟು ರಬ್ಬರಿನಂತೆ ಹಿಗ್ಗುವ ಅಂಟು ತುಂಬಿಸಿದ್ದೇವೆ. ಸೂರಿನ ನೀರೆಲ್ಲ ಕೊಳವೆಯಲ್ಲೇ ಇಳಿದು ಹೊರಗೆ ಹೋಗುತ್ತದೆ. ಗೋಡೆ ಪಕ್ಕ ಗಿಡದ ಪಾತಿ ಬೇಕೆಂದು ಮನೆಯಲ್ಲಿ ಎಲ್ಲರಿಗೂ ಆಸೆಯಿತ್ತು, ನಾನು ಒಪ್ಪಲಿಲ್ಲ. ದಿನಾ ನೀರುಣ್ಣುವ ಪಾತಿ ಒಂದು ಬದಿಯ ಮಣ್ಣನ್ನು ಉಬ್ಬಿಸುತ್ತದೆ, ದೊಡ್ಡ ಮರ ಅದೇ ಮಣ್ಣಿನ ನೀರು ಹೀರಿ ಕುಗ್ಗಿಸುತ್ತದೆ. ಮರವನ್ನು ಅದು ಬೆಳೆದು ನಿಲ್ಲುವ ಎತ್ತರದಷ್ಟು ದೂರದಲ್ಲಿ ನೆಟ್ಟೆವು.

ಪ್ಲಿಂತ್ ಬೀಮಿನ ನಾಲ್ಕು ಮೂಲೆಗಳಲ್ಲಿ ಹಿತ್ತಾಳೆಯ ಮೊಳೆ ಕೂರಿಸಿ, ನೀರು ತುಂಬಿದ ಪಾರದರ್ಶಕ ಪೈಪಿನಿಂದ ಬೇಸಿಗೆಯ ಕೊನೆಗೊಮ್ಮೆ, ಮಳೆಗಾಲದ ಕೊನೆಗೊಮ್ಮೆ ಮಟ್ಟ ಅಳೆಯುತ್ತೇನೆ. ಈವರೆಗೆ ನಾಲ್ಕು ಮೂಲೆಗಳ ನಡುವಿನ ವ್ಯತ್ಯಾಸ ಪೈಪಿನಲ್ಲಿ ಗುರುತಿಸಬಹುದಾದಷ್ಟೂ ಆಗಿಲ್ಲ. ಸುತ್ತಲಿನ ಹಾಸು ಮಾತ್ರ ಮಳೆಯಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ, ಹೊರ ಅಂಚಿನಲ್ಲಿ ಹೆಬ್ಬೆರಳ ದಪ್ಪದಷ್ಟು. ಅದು ಏರಿಳಿಯಲೆಂದೇ ಬಿಡಿಯಾಗಿ ಬಿಟ್ಟದ್ದು. ಮಳೆಗೆ ಮುನ್ನ ಸಂದಿಯ ಅಂಟು ಎಲ್ಲಿ ಬಿಟ್ಟುಕೊಂಡಿದೆ ನೋಡಿ, ಕಿತ್ತು ಹೊಸದಾಗಿ ತುಂಬುತ್ತೇವೆ. ಬೀಮಿನ ಕೆಳಗಿನ ಸಂದಿಗೆ ಮಣ್ಣು ಬಿದ್ದಿದೆಯೇ ಎಂದು ಇಣುಕಲು ಒಂದು ಕಡೆ ಹಲಗೆಯನ್ನು ತೆಗೆಯುವಂತೆ ಮಾಡಿಸಿಕೊಂಡಿದ್ದೇವೆ. ಟಾರ್ಚ್ ಬಿಟ್ಟು ನೋಡುವುದೂ ಆಗಲೇ.